ಹೊಟ್ಟೆಯ ಕ್ರಿಮಿಯೂ ಅಣ್ಣನ ಕೈನಡುಕವೂ



ಕಳೆದ ತಿಂಗಳು ನಿಪ್ಪಾಣಿ ಕಡೆಯ ಸಹೋದರಿಯೊಬ್ಬರು ನನಗೆ ಪತ್ರ ಬರೆದಿದ್ದಾರೆ. ಅವರ ಮಾವನವರಿಗೆ ಆರು ವರ್ಷಗಳಿಂದ ಕಂಪವಾತ, ಅಂದರೆ ಡಾಕ್ಟರರು ಪಾರ್ಕಿನ್ಸನ್ ಎಂದು ಕರೆಯುವ ಕಾಯಿಲೆ. ಈಗ ಜಠರದಲ್ಲಿ ಒಂದು ಕ್ರಿಮಿ ಇದೆ ಎಂದು ಪರೀಕ್ಷೆಯಲ್ಲಿ ಬಂದಿದೆಯಂತೆ. "ಈ ಕ್ರಿಮಿಯನ್ನು ತೆಗೆಸಿದರೆ ನಡುಕ ನಿಂತುಹೋಗುತ್ತದೆ ಎಂದು ಬೀಗರೊಬ್ಬರು ಹೇಳುತ್ತಾರೆ. ನಿಮ್ಮ ಅಣ್ಣನವರಿಗೂ ಹೀಗೆಯೇ ಮಾಡಿಸಿದಿರಿ ಎಂದು ಕೇಳಿದ್ದೇವೆ. ಸತ್ಯವೇ?" ಎಂದು ಕೇಳಿದ್ದಾರೆ.

ಮಾಡಿಸಿದ್ದು ಸತ್ಯ. ನಡುಕ ನಿಲ್ಲುತ್ತದೆ ಎಂಬುದು ಸತ್ಯವಲ್ಲ. ಆ ಸುಳ್ಳನ್ನು ನಮ್ಮ ಮನೆಯಲ್ಲಿ ಮೊದಲು ಹೇಳಿದವನು ನಾನೇ ಆದ್ದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಡುತ್ತೇನೆ. ನಾನು ಮ್ಯಾಟ್ರಿಕ್ ಓದಿದ ಕಿರಾಣಿ ವ್ಯಾಪಾರಿ, ವೈದ್ಯನಲ್ಲ. ಡಾಕ್ಟರರು ತಿಳಿಸಿ ಹೇಳಿದ್ದನ್ನು, ಪುಣೆಯಲ್ಲಿ ನೌಕರಿಯಲ್ಲಿರುವ ಅಣ್ಣನ ಮಗ ಓದಿ ವಿವರಿಸಿದ್ದನ್ನು, ಮನೆಯಲ್ಲಿ ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ.

ಅಣ್ಣ ನನಗಿಂತ ಎಂಟು ವರ್ಷ ಹಿರಿಯ. ಬೆಳಗಾವಿ ಕಡೆಯಿಂದ ಬಂದು ಸಾವರ್ಡೆಯಲ್ಲಿ ಅಂಗಡಿ ಹಾಕಿದವನು ಅವನೇ, ನಾನು ಆಮೇಲೆ ಬಂದು ಸೇರಿಕೊಂಡೆ. ಲೆಕ್ಕ ಬರೆಯುವುದು ಯಾವಾಗಲೂ ಅವನ ಕೆಲಸ. ದುಂಡಗಿನ ದೊಡ್ಡ ಅಕ್ಷರ. 2012ರಲ್ಲಿ ಗೋವಾದ ಗಣಿಗಳು ನಿಂತವು, ಅದಿರಿನ ಲಾರಿಗಳು ನಿಂತವು, ಸಾವರ್ಡೆ ಕುಡಚಡೆಯ ಬಜಾರು ಬರಿದಾಯಿತು. ಆ ಎರಡು ಮೂರು ವರ್ಷಗಳ ಕಿರ್ದಿ ಪುಸ್ತಕ ಈಗ ತೆಗೆದು ನೋಡಿದರೆ ಅಣ್ಣನ ಅಕ್ಷರ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತಾ ಹೋಗಿದೆ. ಒಂದೇ ಸಾಲಿನಲ್ಲಿಯೂ ಆರಂಭದ ಅಕ್ಷರ ದೊಡ್ಡದು, ಕೊನೆಯದು ಸಾಸಿವೆ ಕಾಳಿನಷ್ಟು. ವ್ಯಾಪಾರವಿಲ್ಲದ ಚಿಂತೆ ಎಂದುಕೊಂಡೆವು. ಅದೇ ಹೊತ್ತಿಗೆ ಅವನಿಗೆ ವಾಸನೆ ತಿಳಿಯದಂತಾಗಿತ್ತು. ಇಂಗಿನ ಡಬ್ಬಿ ತೆರೆದಿಟ್ಟರೂ ಗೊತ್ತಾಗುತ್ತಿರಲಿಲ್ಲ. ಮಲಬದ್ಧತೆಯಂತೂ ಅದಕ್ಕೂ ಹಿಂದಿನಿಂದ ಇತ್ತು. ಇವೆಲ್ಲವೂ ಈ ಕಾಯಿಲೆಯ ಮುಂಗಡ ಸೂಚನೆಗಳೆಂದು 2016ರಲ್ಲಿ ಬಲಗೈ ನಡುಗಲು ಶುರುವಾಗಿ ನರರೋಗ ತಜ್ಞರಿಗೆ ತೋರಿಸಿದಾಗ ತಿಳಿಯಿತು.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು ಈ ನಡುಕದ ಬಗ್ಗೆ ಪುಸ್ತಕ ಬರೆದರು, ಅವರ ಹೆಸರೇ ಉಳಿಯಿತು. ಮೆದುಳಿನಲ್ಲಿ ಡೋಪಮೈನ್ ಎಂಬ ರಸವನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ಸಾಯುತ್ತವೆ. ಸತ್ತ ಕೋಶಗಳನ್ನು ಮರಳಿ ತರುವ ಔಷಧ ಇಂದಿಗೂ ಇಲ್ಲ. ಡೋಪಮೈನ್ ಅನ್ನು ನೇರವಾಗಿ ಕೊಟ್ಟರೆ ಮೆದುಳಿಗೆ ಹೋಗುವುದಿಲ್ಲ. ಆದ್ದರಿಂದ ಲೆವೊಡೋಪಾ ಎಂಬುದನ್ನು ಕೊಡುತ್ತಾರೆ, ಅದು ಮೆದುಳಿಗೆ ಹೋಗಿ ಅಲ್ಲಿ ಡೋಪಮೈನ್ ಆಗುತ್ತದೆ. ನಮ್ಮ ಕಡೆ ಸಿಂಡೋಪಾ ಎಂಬ ಹೆಸರಿನಲ್ಲಿ ಬಹಳ ಮನೆಗಳಿಗೆ ಪರಿಚಯವಿರುವ ಗುಳಿಗೆ ಇದೇ, ಜೊತೆಗೆ ಕಾರ್ಬಿಡೋಪಾ ಸೇರಿರುತ್ತದೆ.

ಮೊದಲ ನಾಲ್ಕೈದು ವರ್ಷ ಅಣ್ಣ ಚೆನ್ನಾಗಿಯೇ ಇದ್ದ. ಗುಳಿಗೆ ನುಂಗಿದ ಮುಕ್ಕಾಲು ಗಂಟೆಯಲ್ಲಿ ಕೈಕಾಲು ಸಡಿಲವಾಗಿ ಅಂಗಡಿಗೆ ನಡೆದುಕೊಂಡು ಬರುತ್ತಿದ್ದ. 2021ರ ಮಳೆಗಾಲದ ಹೊತ್ತಿಗೆ ಲೆಕ್ಕ ತಪ್ಪಿತು. ಬೆಳಿಗ್ಗೆ ಏಳಕ್ಕೆ ನುಂಗಿದ ಗುಳಿಗೆ ಒಂದು ದಿನ ಎಂಟಕ್ಕೆ ಹತ್ತುತ್ತಿತ್ತು, ಒಂದು ದಿನ ಹತ್ತಾದರೂ ಹತ್ತುತ್ತಿರಲಿಲ್ಲ. ನಡುವೆ ಹೊಟ್ಟೆಯುಬ್ಬರ, ತೇಗು, ಎದೆಯುರಿ, ಎರಡು ತುತ್ತಿಗೇ ಸಾಕೆನ್ನುವುದು. ಡಾಕ್ಟರರ ಬಳಿ ಹೋಗದೆ ನಾನೇ ಔಷಧದ ಅಂಗಡಿಯಲ್ಲಿ ಅಸಿಡಿಟಿಗೆ ಏನಾದರೂ ಕೊಡಿ ಎಂದು ಕೇಳಿ ತಂದೆ. ತೇಗು ಕಡಿಮೆಯಾಯಿತು. ಒಂದೂವರೆ ತಿಂಗಳಲ್ಲಿ ಅಣ್ಣನ ಮುಖ ಮರದ ಹಲಗೆಯಂತಾಯಿತು, ನಡೆ ಇನ್ನೂ ಕುಂಟಿತು, ನಡುಕ ಇಮ್ಮಡಿಯಾಯಿತು. ಕಾಯಿಲೆ ಮುಂದುವರಿಯಿತು ಎಂದು ಮನೆಮಂದಿಯೆಲ್ಲ ಕೈಚೆಲ್ಲಿದೆವು.

ಬೆಳಗಾವಿಯಲ್ಲಿ ಒಬ್ಬ ನರರೋಗ ತಜ್ಞರು ಅಣ್ಣನನ್ನು ನೋಡುವ ಮೊದಲು ಗುಳಿಗೆಯ ಚೀಲವನ್ನು ಮೇಜಿನ ಮೇಲೆ ಸುರಿಯಲು ಹೇಳಿದರು. ಒಂದೊಂದೇ ಹಾಳೆ ತಿರುಗಿಸಿ ಸಣ್ಣ ಅಕ್ಷರ ಓದಿದರು. ನಾನು ತಂದ ಅಸಿಡಿಟಿ ಕ್ಯಾಪ್ಸೂಲನ್ನು ಬೇರೆ ಇಟ್ಟರು. ಅದರಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಎಂಬುದು ಸೇರಿತ್ತು. ಹೆಸರು ಲೆವೊಡೋಪಾದಂತೆಯೇ ಕೇಳಿಸಿದರೂ ಕೆಲಸ ತದ್ವಿರುದ್ಧ, ಡೋಪಮೈನ್ ಕೆಲಸ ಮಾಡಬೇಕಾದ ಬಾಗಿಲನ್ನೇ ಅದು ಮುಚ್ಚುತ್ತದೆ. ಕಾಯಿಲೆ ಇಲ್ಲದವರಿಗೂ ಇದರಿಂದ ನಡುಕ ಬರುವುದುಂಟು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಅರೆತಲೆಶೂಲೆಗೆ ಕೊಡುವ ಫ್ಲೂನಾರಿಜಿನ್, ಇವೂ ಅದೇ ಸಾಲಿನವು. ಮನೆಯಲ್ಲಿ ಕಂಪವಾತದ ಹಿರಿಯರಿದ್ದರೆ ದಯವಿಟ್ಟು ಈ ನಾಲ್ಕು ಹೆಸರನ್ನು ಚೀಟಿಯಲ್ಲಿ ಬರೆದು ಗುಳಿಗೆಯ ಡಬ್ಬಿಗೆ ಅಂಟಿಸಿಕೊಳ್ಳಿ. ಔಷಧದ ಅಂಗಡಿಯವರನ್ನು ನಾನು ದೂರುವುದಿಲ್ಲ. ನಾನು ಕೇಳಿದ್ದು ಅಸಿಡಿಟಿಗೆ, ಕಂಪವಾತದ ಮಾತನ್ನೇ ಎತ್ತಿರಲಿಲ್ಲ.

ಆಮೇಲೆ ಡಾಕ್ಟರರು, "ಗುಳಿಗೆ ಯಾವುದರ ಜೊತೆ ನುಂಗುತ್ತೀರಿ?" ಎಂದರು. ಒಂದು ಲೋಟ ಬಿಸಿ ಹಾಲಿನ ಜೊತೆ ಎಂದ ಅಣ್ಣ. ಐದು ವರ್ಷದಿಂದ ಹಾಗೆಯೇ ನಡೆದಿತ್ತು, ವೈನಿ ಪ್ರೀತಿಯಿಂದ ಕೊಡುತ್ತಿದ್ದರು. ಡಾಕ್ಟರರು ನನ್ನ ಧಂದೆ ಏನೆಂದು ಕೇಳಿ ನನ್ನ ಭಾಷೆಯಲ್ಲಿಯೇ ತಿಳಿಸಿದರು. ನಮ್ಮ ಮಾಲು ಬೆಳಗಾವಿಯಿಂದ ಹೊರಟು ಅನಮೋಡ ಘಾಟು ಇಳಿದು ಮೊಲ್ಲೆಂ, ಕುಳೆಂ ದಾಟಿ ಸಾವರ್ಡೆಗೆ ಬರುತ್ತದೆ. ಘಾಟಿನಲ್ಲಿ ಲಾರಿ ನಿಂತರೆ ಮಾಲು ಎಷ್ಟೇ ಚೆನ್ನಾಗಿದ್ದರೂ ಅಂಗಡಿಯಲ್ಲಿ ಗಿರಾಕಿಗೆ ಕೊಡಲು ಏನೂ ಇರುವುದಿಲ್ಲ. ಲೆವೊಡೋಪಾ ಜಠರದಲ್ಲಿ ರಕ್ತಕ್ಕೆ ಸೇರುವುದಿಲ್ಲ, ಜಠರ ದಾಟಿ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಸೇರಬೇಕು. ಜಠರ ನಿಧಾನವಾದರೆ ಗುಳಿಗೆ ಅಲ್ಲಿಯೇ ಕುಳಿತಿರುತ್ತದೆ, ಕಂಪವಾತದವರ ಜಠರ ಮೊದಲೇ ನಿಧಾನ. ಇನ್ನು ಹಾಲು, ಬೇಳೆಯಲ್ಲಿರುವ ಪ್ರೋಟೀನ್ ಕರುಳಿನಲ್ಲಿ ಅದೇ ಬಾಗಿಲಿನಿಂದ ಒಳಗೆ ಹೋಗುತ್ತದೆ. ಇಬ್ಬರೂ ಒಟ್ಟಿಗೆ ಬಂದರೆ ಗುಳಿಗೆಗೆ ಜಾಗವಿಲ್ಲ. ಕಬ್ಬಿಣದ ಗುಳಿಗೆಯೂ ಜೊತೆಗೆ ಬೇಡ. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಬರೀ ನೀರಿನಲ್ಲಿ ನುಂಗಬೇಕು. ಹಾಗೆಂದು ಬೇಳೆ ಹಾಲು ಬಿಟ್ಟರೆ ಮೈ ಸೊರಗುತ್ತದೆ, ಅವುಗಳ ಹೆಚ್ಚು ಪಾಲನ್ನು ದಿನದ ಕೊನೆಯ ಊಟಕ್ಕೆ ಇಟ್ಟುಕೊಳ್ಳಿ ಎಂದರು. ನಮಗೆ ಕೊನೆಯ ಊಟ ಸೂರ್ಯಾಸ್ತಕ್ಕೆ ಮೊದಲೇ, ಅದಕ್ಕೂ ಅಭ್ಯಂತರವಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಕ್ರಿಮಿಯ ಮಾತು ಬಂತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಅದರ ಪೂರ್ಣ ಹೆಸರು, ಎಚ್. ಪೈಲೋರಿ ಎನ್ನುತ್ತಾರೆ. ಜಠರದ ಆಮ್ಲದಲ್ಲಿ ಯಾವ ಕ್ರಿಮಿಯೂ ಬದುಕಲಾರದು, ಹುಣ್ಣಾಗುವುದು ಚಿಂತೆಯಿಂದ, ಖಾರದಿಂದ ಎಂದು ವೈದ್ಯರೇ ನಂಬಿದ್ದ ಕಾಲವಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ಇಬ್ಬರು ವೈದ್ಯರು ಈ ಕ್ರಿಮಿಯನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. ಹುಣ್ಣಿಗೆ ಮಾತ್ರವಲ್ಲ, ಜಠರದ ಕ್ಯಾನ್ಸರಿಗೂ ಇದು ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲಿಯೇ ಪಟ್ಟಿಗೆ ಸೇರಿಸಿದೆ.

ಕಂಪವಾತದವನಿಗೆ ಇದರಿಂದ ಆಗುವ ತೊಂದರೆ ಏನು? ಕ್ರಿಮಿಯು ತನ್ನ ಸುತ್ತಲಿನ ಆಮ್ಲವನ್ನು ತಗ್ಗಿಸಿಕೊಳ್ಳುತ್ತದೆ, ಲೆವೊಡೋಪಾ ಚೆನ್ನಾಗಿ ಕರಗಲು ಆಮ್ಲ ಬೇಕು. ಜೊತೆಗೆ ಜಠರವೂ ಅದರ ಪಕ್ಕದ ಕರುಳೂ ಊದಿಕೊಂಡಿರುತ್ತವೆ. ಹೀಗಾಗಿ ಗುಳಿಗೆಯ ದಾರಿಗೆ ಇದೊಂದು ಅಡ್ಡಿ ಆಗಿರಬಹುದು ಎಂದು ಡಾಕ್ಟರರು ಹೇಳಿದರು. "ಆಗಿರಬಹುದು" ಎಂದೇ ಹೇಳಿದ್ದು. ಆ ಮಾತನ್ನು ನಾನು ಮನೆಗೆ ಬರುವಷ್ಟರಲ್ಲಿ "ಆಗಿದೆ" ಎಂದು ಮಾಡಿಕೊಂಡಿದ್ದೆ.

ಮಲ ಪರೀಕ್ಷೆ ಮಾಡಿಸಿದೆವು. ಉಸಿರಿನ ಪರೀಕ್ಷೆಯಿಂದಲೂ, ಎಂಡೋಸ್ಕೋಪಿಯಲ್ಲಿ ಸಣ್ಣ ಚೂರು ತೆಗೆದೂ ನೋಡುತ್ತಾರೆ. ಯಾವುದೇ ಆದರೂ ಎರಡು ವಾರ ಮುಂಚೆ ಪ್ಯಾಂಟೊಪ್ರಜೋಲ್ ಜಾತಿಯ ಆಮ್ಲದ ಗುಳಿಗೆಯನ್ನು, ನಾಲ್ಕು ವಾರ ಮುಂಚೆ ಆಂಟಿಬಯೋಟಿಕ್ ಅನ್ನು ಡಾಕ್ಟರರನ್ನು ಕೇಳಿ ನಿಲ್ಲಿಸಿರಬೇಕು, ಇಲ್ಲದಿದ್ದರೆ ಕ್ರಿಮಿ ಇದ್ದೂ ಇಲ್ಲವೆಂದು ಬರುವುದುಂಟು. ಅಣ್ಣನಿಗೆ ಇದೆ ಎಂದು ಬಂತು. ವೈನಿಗೆ ಇದು ಅವಮಾನದಂತೆ ತಟ್ಟಿತು. ಸೋಸಿ ಕಾಸಿದ ನೀರಲ್ಲದೆ ಬೇರೆ ನೀರು ನಮ್ಮ ಮನೆಯಲ್ಲಿಲ್ಲ, ನಮಗೆ ಹೇಗೆ ಬಂತು ಎಂದು ಅತ್ತರು. ಇದು ಸಾಮಾನ್ಯವಾಗಿ ಬಾಲ್ಯದಲ್ಲಿಯೇ ಮನೆಯೊಳಗೆ ಒಬ್ಬರಿಂದೊಬ್ಬರಿಗೆ ಅಂಟಿ ಐವತ್ತು ಅರವತ್ತು ವರ್ಷ ಸದ್ದಿಲ್ಲದೆ ಇರುತ್ತದೆ, ನಿಮ್ಮ ಅಡಿಗೆಮನೆಯ ದೋಷವಲ್ಲ ಎಂದು ಡಾಕ್ಟರರು ಸಮಾಧಾನ ಹೇಳಬೇಕಾಯಿತು.

ಚಿಕಿತ್ಸೆ ಹದಿನಾಲ್ಕು ದಿನ. ಎರಡು ಬಗೆಯ ಆಂಟಿಬಯೋಟಿಕ್, ಜೊತೆಗೆ ಆಮ್ಲ ತಗ್ಗಿಸುವ ಗುಳಿಗೆ. ಇಲ್ಲಿ ನಮ್ಮ ಮನೆಗಳವರಿಗೆ ಬರುವ ಎರಡು ಪ್ರಶ್ನೆ ನಮಗೂ ಬಂದವು. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಜೆಲಟಿನ್, ಅದು ಪ್ರಾಣಿಜನ್ಯ. ಅಣ್ಣ ಒಲ್ಲೆ ಎಂದ. ಬಿಚ್ಚಿ ಪುಡಿ ಮಾಡಿ ಕೊಡೋಣವೆಂದು ನಾನು ಹೊರಟಿದ್ದೆ, ಹಾಗೆ ಮಾಡಿದರೆ ಕೆಲವು ಔಷಧ ಜಠರದಲ್ಲಿಯೇ ಹಾಳಾಗುತ್ತದೆಂದು ಡಾಕ್ಟರರು ತಡೆದರು. ಗುಳಿಗೆಯ ರೂಪದಲ್ಲಿ ಸಿಗುವಂಥವನ್ನೇ ಬರೆದುಕೊಟ್ಟರು. ಕೇಳಿದರೆ ಸಿಗುತ್ತವೆ, ನಾವು ಸಂಕೋಚದಿಂದ ಕೇಳುವುದಿಲ್ಲ ಅಷ್ಟೇ. ಎರಡನೆಯದು ಅಣ್ಣನ ರಾತ್ರಿ ಭೋಜನ ತ್ಯಾಗ. ಕತ್ತಲಾದ ಮೇಲೆ ನೀರೂ ಇಲ್ಲ. ಆಂಟಿಬಯೋಟಿಕ್ ಅನ್ನು ಬೆಳಿಗ್ಗೆ ಏಳು, ಸಂಜೆ ಆರಕ್ಕೆ ಹೊಂದಿಸಿದರು. ಲೆವೊಡೋಪಾದ ರಾತ್ರಿಯ ಪಾಳಿಯನ್ನು ಅಣ್ಣ ಐದು ವರ್ಷದಿಂದ ಡಾಕ್ಟರರಿಗೂ ಹೇಳದೆ ಬಿಡುತ್ತಿದ್ದ. ಅದಕ್ಕೇ ನಡುರಾತ್ರಿ ಮಗ್ಗುಲು ಹೊರಳಲಾಗದೆ ವೈನಿಯನ್ನು ಎಬ್ಬಿಸುತ್ತಿದ್ದ! ನಿಧಾನವಾಗಿ ಬಿಡುಗಡೆಯಾಗುವ ಒಂದು ಬಗೆಯ ಗುಳಿಗೆಯನ್ನು ಸೂರ್ಯಾಸ್ತಕ್ಕೆ ಮೊದಲು ಕೊಡುವಂತೆ ಬದಲಿಸಿದರು. ಅರ್ಧ ರಾತ್ರಿಯ ಮಟ್ಟಿಗೆ ಅನುಕೂಲವಾಯಿತು. ಹಿಂದೆಯೇ ಹೇಳಿದ್ದರೆ ಹಿಂದೆಯೇ ಆಗುತ್ತಿತ್ತು.

ಆ ಹದಿನಾಲ್ಕು ದಿನ ಸುಲಭವಾಗಿರಲಿಲ್ಲ. ಬಾಯೆಲ್ಲ ಕಹಿ, ಓಕರಿಕೆ, ಭೇದಿ. ಐದನೆಯ ದಿನ ಅಣ್ಣ ಸಾಕು ಎಂದ. ಅರ್ಧಕ್ಕೆ ಬಿಟ್ಟರೆ ಕ್ರಿಮಿ ಔಷಧಕ್ಕೆ ಬಗ್ಗದಂತಾಗುತ್ತದೆ ಎಂದು ಡಾಕ್ಟರರು ಎಚ್ಚರಿಸಿದ್ದರು. ಆಗ ನಾನು ಹೇಳಿದೆ: "ಅಣ್ಣಾ, ಇದೊಂದು ಹೋದರೆ ಎಲ್ಲ ಸರಿ ಆಗತೈತಿ. ಕೈ ಮೊದಲಿನಂಗ ಆಗತೈತಿ." ಅವನು ನನ್ನ ಮುಖ ನೋಡಿದ. ಚಿಕ್ಕಂದಿನಿಂದ ನನ್ನ ಮಾತನ್ನು ತೂಕ ಮಾಡಿ ನೋಡದವನು. ಮರುಮಾತಿಲ್ಲದೆ ಉಳಿದ ಒಂಬತ್ತು ದಿನ ಮುಗಿಸಿದ.

ಆರು ವಾರದ ಮೇಲೆ ಮತ್ತೆ ಮಲ ಪರೀಕ್ಷೆ. ರಕ್ತ ಪರೀಕ್ಷೆ ಇದಕ್ಕೆ ಉಪಯೋಗವಿಲ್ಲ, ಕ್ರಿಮಿ ಹೋದ ಮೇಲೂ ಅದರಲ್ಲಿ ಬಹುಕಾಲ ಇದೆಯೆಂದೇ ತೋರಿಸುತ್ತದೆ. ಕ್ರಿಮಿ ಇಲ್ಲ ಎಂದು ಬಂತು. ತೇಗು, ಉಬ್ಬರ ಬಹಳ ಕಡಿಮೆಯಾಗಿದ್ದವು. ಗುಳಿಗೆ ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ಹತ್ತತೊಡಗಿತ್ತು. ಮನೆಯಲ್ಲಿ ಹೋಳಿಗೆ ಮಾಡಿದೆವು.

ಅದಾದ ನಾಲ್ಕನೆಯ ದಿನ ಬೆಳಿಗ್ಗೆ ವೈನಿಯಿಂದ ಫೋನು. ಅಣ್ಣ ಹಾಸಿಗೆಯಿಂದ ಏಳುತ್ತಿಲ್ಲ. ಹೋಗಿ ನೋಡಿದರೆ ಮೈ ಕೊರಡಿನಂತಾಗಿದೆ, ಜ್ವರ ಬಂದಿದೆ, ಕುಡಿಸಿದ ನೀರು ತುಟಿಯ ಪಕ್ಕದಿಂದ ಹೊರಗೆ ಬರುತ್ತಿದೆ. ದಿಂಬಿನ ಕೆಳಗೆ ಮೂರು ದಿನದ ಲೆವೊಡೋಪಾ ಗುಳಿಗೆಗಳು ಕಾಗದದಲ್ಲಿ ಕಟ್ಟಿಟ್ಟಿದ್ದವು. ಕ್ರಿಮಿ ಹೋಯಿತಲ್ಲ, ಇನ್ನು ಗುಳಿಗೆ ಏಕೆ ಎಂದು ಯಾರಿಗೂ ಹೇಳದೆ ಬಿಟ್ಟುಬಿಟ್ಟಿದ್ದ. 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಸಾಗಿಸಿದೆವು. ಈ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಸೆಟೆದು, ಜ್ವರ ಏರಿ, ಪ್ರಾಣಕ್ಕೇ ಅಪಾಯ ಬರಬಹುದೆಂದು ಅಲ್ಲಿ ತಿಳಿಸಿದರು. ಮೂಗಿನ ನಳಿಗೆಯಿಂದ ಗುಳಿಗೆ ಕರಗಿಸಿ ಹಾಕಿದರು. ಒಂಬತ್ತು ದಿನ ಇದ್ದೆವು. ಮಾತು ಬಂದ ದಿನ ಅಣ್ಣ ಕೇಳಿದ್ದು ಒಂದೇ: "ನೀನೇ ಹೇಳಿದ್ದೆಲ್ಲೋ?"

ಪುಣೆಯಿಂದ ಬಂದ ಅಣ್ಣನ ಮಗ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಈ ವಿಷಯದಲ್ಲಿ ಆಗಿರುವ ಸಂಶೋಧನೆಗಳನ್ನು ಓದಿ ಹೇಳಿದ. 2006ರಲ್ಲಿ ಇಟಲಿಯ ವೈದ್ಯರು 34 ರೋಗಿಗಳಲ್ಲಿ ನೋಡಿದಾಗ, ಕ್ರಿಮಿ ತೆಗೆದ ಮೇಲೆ ಲೆವೊಡೋಪಾ ರಕ್ತಕ್ಕೆ ಹೆಚ್ಚು ಸೇರಿತು, ಗುಳಿಗೆ ಬೇಗ ಹತ್ತಿತು. 2014ರಲ್ಲಿ ಮಲೇಷಿಯಾದ ಕೌಲಾಲಂಪುರದಲ್ಲಿ 82 ರೋಗಿಗಳನ್ನು ಪರೀಕ್ಷಿಸಿ, ಕ್ರಿಮಿ ಇದ್ದ 27 ಜನರಿಗೆ ಚಿಕಿತ್ಸೆ ಕೊಟ್ಟು ಗುಣ ಕಂಡಿತೆಂದರು. ಅದೇ ಕೌಲಾಲಂಪುರದಲ್ಲಿ ಮಲಯಾ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ್ದು ಬೇರೆ. ಅವರು ಕ್ರಿಮಿ ಇದ್ದ 67 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಔಷಧ, ಕೆಲವರಿಗೆ ಅದರಂತೆಯೇ ಕಾಣುವ ಹುಸಿ ಔಷಧ ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ನೋಡುವ ವೈದ್ಯರಿಗೂ ತಿಳಿಯದು. ಒಂದು ವರ್ಷದವರೆಗೆ ನೋಡಿದರೂ ಕೈಕಾಲಿನ ಚಲನೆಯಲ್ಲಾಗಲಿ ಹೊಟ್ಟೆಯ ತೊಂದರೆಯಲ್ಲಾಗಲಿ ಎರಡು ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ.

"ಹಾಗಾದರೆ ಅಪ್ಪನಿಗೆ ಗುಳಿಗೆ ಬೇಗ ಹತ್ತಿದ್ದು ಹೇಗೆ ಕಾಕಾ?" ಎಂದು ಅವನೇ ಕೇಳಿದ. ನಾನು ನಲವತ್ತು ವರ್ಷ ಲೆಕ್ಕ ನೋಡಿದವನು. ಒಂದೇ ತಿಂಗಳಲ್ಲಿ ಹಾಲು ಬಿಡಿಸಿದೆವು, ಲೆವೊಸಲ್ಪಿರೈಡ್ ನಿಲ್ಲಿಸಿದೆವು, ಗುಳಿಗೆಯ ವೇಳೆ ಬದಲಿಸಿದೆವು, ಕ್ರಿಮಿಯನ್ನೂ ತೆಗೆದೆವು. ನಾಲ್ಕು ಬಾಬತ್ತು ಒಮ್ಮೆಲೇ ಬದಲಿಸಿ ಲಾಭವನ್ನೆಲ್ಲ ಒಂದೇ ಖಾತೆಗೆ ಬರೆದರೆ ಅದು ಲೆಕ್ಕವಲ್ಲ. ನನ್ನ ಅಂದಾಜಿನಲ್ಲಿ ಹೆಚ್ಚು ಪಾಲು ಹಾಲಿನದು ಮತ್ತು ಆ ಕ್ಯಾಪ್ಸೂಲಿನದು. ಕ್ರಿಮಿಯ ಪಾಲು ಇದ್ದರೂ ಇರಬಹುದು.

ಕಂಪವಾತಕ್ಕೆ ಮೂಲವೇ ಈ ಕ್ರಿಮಿ ಎನ್ನುವವರಿಗೆ ಇನ್ನೊಂದು ಲೆಕ್ಕ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನ ಡಾ. ಗೌರಿದೇವಿ ಮತ್ತು ಸಂಗಡಿಗರು ಮನೆಮನೆಗೆ ಹೋಗಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಜನರನ್ನು ಸಮೀಕ್ಷೆ ಮಾಡಿದ್ದರು, ಅದು 2004ರಲ್ಲಿ ಪ್ರಕಟವಾಗಿದೆ. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಕಂಪವಾತ ಕಂಡದ್ದು ಲಕ್ಷಕ್ಕೆ ಸುಮಾರು 33 ಜನರಲ್ಲಿ. ಎಚ್. ಪೈಲೋರಿಯಾದರೋ ಜಗತ್ತಿನ ಹತ್ತಿರ ಹತ್ತಿರ ಅರ್ಧ ಜನರ ಹೊಟ್ಟೆಯಲ್ಲಿ ಇದೆಯೆಂದು ಹೇಳುತ್ತಾ ಬಂದಿದ್ದಾರೆ, ನಮ್ಮ ದೇಶದಲ್ಲಿ ಅದೇನೂ ಕಡಿಮೆಯಿಲ್ಲ. ಕ್ರಿಮಿಯೇ ಮೂಲವಾಗಿದ್ದರೆ ನಮ್ಮ ಅರ್ಧ ಬಜಾರು ನಡುಗಬೇಕಾಗಿತ್ತು. ಕಾಯಿಲೆಗೂ ಕರುಳಿಗೂ ಏನೋ ಸಂಬಂಧವಿದೆ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ, ಅಣ್ಣನ ಮಲಬದ್ಧತೆ ನಡುಕಕ್ಕಿಂತ ಮೊದಲೇ ಬಂದದ್ದನ್ನು ನೆನೆದರೆ ನನಗೂ ಹಾಗೆ ಅನಿಸುತ್ತದೆ. ಆ ಹುಡುಕಾಟ ಇನ್ನೂ ಮುಗಿದಿಲ್ಲ.

ಈಗ ನಿಪ್ಪಾಣಿಯ ಸಹೋದರಿಗೆ. ಮಾವನವರ ಕ್ರಿಮಿಗೆ ಡಾಕ್ಟರರು ಹೇಳಿದಂತೆ ಔಷಧ ಕೊಡಿಸಿರಿ, ಅದು ಜಠರದ ಒಳಿತಿಗಾಗಿ, ಹುಣ್ಣು ಕ್ಯಾನ್ಸರಿನ ಭಯ ತಗ್ಗಲಿಕ್ಕಾಗಿ. ಗುಳಿಗೆ ಬೇಗ ಹತ್ತಿದರೆ ಪುಣ್ಯ. ಆ ದಿನಗಳಲ್ಲಿ ಕಂಪವಾತದ ಗುಳಿಗೆ ಒಂದು ಹೊತ್ತೂ ತಪ್ಪಬಾರದು, ಮುಗಿದ ಮೇಲೂ ತಪ್ಪಬಾರದು. ಅವರು ನುಂಗುವ ಪ್ರತಿಯೊಂದರ ಹೆಸರನ್ನು ಬರೆದು ಡಾಕ್ಟರರಿಗೆ ತೋರಿಸಿರಿ, ಆಂಟಿಬಯೋಟಿಕ್‌ಗೂ ಕಂಪವಾತದ ಕೆಲವು ಗುಳಿಗೆಗೂ ಹೊಂದುವುದಿಲ್ಲ. ನಿಮ್ಮ ಪತ್ರದಲ್ಲಿ ನಸುಗುನ್ನಿ ಬೀಜದ ಪುಡಿಯನ್ನೂ ಕೊಡುತ್ತೇವೆ ಎಂದಿದ್ದೀರಿ. ಅದನ್ನೂ ಪಟ್ಟಿಯಲ್ಲಿ ಬರೆಯಿರಿ. ಆ ಬೀಜದಲ್ಲಿರುವುದು ಲೆವೊಡೋಪಾವೇ, 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ಇಬ್ಬರು ವಿಜ್ಞಾನಿಗಳೇ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಗುಳಿಗೆಯ ಮೇಲೆ ಪುಡಿ ಎಂದರೆ ಅಳತೆಯಿಲ್ಲದ ಎರಡನೆಯ ಗುಳಿಗೆ.

ಅಣ್ಣ ಈಗ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಅಂಗಡಿಯಲ್ಲಿ ಕೂರುತ್ತಾನೆ. ಆ ಎರಡು ಗಂಟೆ ಗುಳಿಗೆ ಚೆನ್ನಾಗಿ ಹತ್ತಿರುತ್ತದೆ. ಉದ್ರಿ ಪುಸ್ತಕ ಅವನೇ ಬರೆಯುತ್ತಾನೆ. ಓದಲು ನನಗೆ ಭೂತಗನ್ನಡಿ ಬೇಕು, ಗಿರಾಕಿಗಳು ನಗುತ್ತಾರೆ, ಅವನೂ ನಗುತ್ತಾನೆ. ಗುಳಿಗೆಯ ಹೊತ್ತಿಗೆ ನಾನು ನೀರಿನ ತಂಬಿಗೆ ಹಿಡಿದು ಮುಂದೆ ನಿಂತರೆ, ನುಂಗಿ ಬಾಯಿ ತೆರೆದು ತೋರಿಸುತ್ತಾನೆ. ನಾನು ಕೇಳುವುದಿಲ್ಲ, ಅವನೇ ತೋರಿಸುತ್ತಾನೆ.

ಸಹೋದರಿ, ನಿಮ್ಮ ಮಾವನವರ ಎರಡನೆಯ ಪರೀಕ್ಷೆಯ ಫಲ ಬಂದ ಮೇಲೆ ನನಗೊಂದು ಕಾಗದ ಹಾಕಿರಿ.